ಮಕ್ಕಳಿಗೆ ಮ್ಯಾಜಿಕ್ ಶಿಬಿರ ಮಾಡ್ತೀರಾ? ಟ್ರಿಕ್ ಕಡಿಮೆ ಇಡಿ

ಮೊದಲ ವರ್ಷ ನಾನು ಐದು ದಿನಕ್ಕೆ 14 ಟ್ರಿಕ್ ಕಲಿಸಿದೆ. ಹೆಮ್ಮೆಯಿಂದಲೇ ಕಲಿಸಿದೆ. ಕೊನೆಯ ದಿನ ಅಪ್ಪ ಅಮ್ಮಂದಿರ ಮುಂದೆ ಮಕ್ಕಳನ್ನು ನಿಲ್ಲಿಸಿದಾಗ ಗೊತ್ತಾಯಿತು, ಎಲ್ಲರಿಗೂ 14 ಗುಟ್ಟು ಗೊತ್ತು, ಒಂದು ಟ್ರಿಕ್ ಕೂಡ ಮಾಡಲು ಬರುವುದಿಲ್ಲ. ಒಬ್ಬ ಹುಡುಗ ಕಪ್ ಮುಚ್ಚುವ ಮೊದಲೇ "ಇನ್ನೊಂದು ಚೆಂಡು ಒಳಗೇ ಇದೆ, ಈಗ ತೋರಿಸ್ತೀನಿ" ಅಂದುಬಿಟ್ಟ. ಜನ ನಕ್ಕರು. ಅವನೂ ನಕ್ಕ, ಆಮೇಲೆ ಹಿಂದೆ ಹೋಗಿ ಅತ್ತ.

ಆಮೇಲಿಂದ ನನ್ನ ಲೆಕ್ಕ ಸುಲಭ. ಐದು ದಿನ, ಐದು ಟ್ರಿಕ್. ಕೊನೆಯ ದಿನ ಒಂದು ಮಗು ಮಾಡುವುದು ಒಂದೇ ಒಂದು. ಅದನ್ನು ಕನಿಷ್ಠ 50 ಸಲ ಮಾಡಿರಬೇಕು. ಗುಟ್ಟು ಹೇಳಿಕೊಡಲು ಐದು ನಿಮಿಷ ಸಾಕು, ಉಳಿದದ್ದೆಲ್ಲ ಕೈಗೆ, ಕಣ್ಣಿಗೆ, ಬಾಯಿಗೆ ಅಭ್ಯಾಸ ಮಾಡಿಸುವ ಕೆಲಸ. ಕೆಳಗೆ ಬರೆದಿರುವುದೆಲ್ಲ ಈ ಲೆಕ್ಕಕ್ಕೆ ಹೊಂದಿಸಿಕೊಂಡದ್ದು.

ಯಾವಾಗ, ಎಲ್ಲಿ

ಕೊಡಗಿನಲ್ಲಿ ದಿನ ಗೊತ್ತು ಮಾಡುವುದೇ ಅರ್ಧ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚನೆಯೇ ಬೇಡ. ಮಳೆ, ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ, ಜಿಗಣೆ ಬೇರೆ. ದಸರಾ ರಜೆ ಒಳ್ಳೆಯದು ಅನ್ನಿಸುತ್ತದೆ, ಆದರೆ ಮಡಿಕೇರಿ, ಗೋಣಿಕೊಪ್ಪ ಕಡೆ ದಸರಾ ಮೆರವಣಿಗೆಯ ಮಂಟಪದ ಗಡಿಬಿಡಿ, ಅದೇ ಹೊತ್ತಿಗೆ ತಲಕಾವೇರಿ ತೀರ್ಥೋದ್ಭವ. ಯಾರು ಬರುತ್ತಾರೆ? ಹಾಗಾಗಿ ಬಿಸು ಹಬ್ಬ ಮುಗಿದ ಮೇಲೆ, ಏಪ್ರಿಲ್ ಮೂರನೇ ವಾರದಿಂದ ಮೇ ಮೊದಲ ವಾರದೊಳಗೆ ಮಾಡಿ. ಅದರಲ್ಲೂ ಹಾಕಿ ಹಬ್ಬದ ಪಟ್ಟಿ ನೋಡಿಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಅನ್ನುವ ಊರಿನಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಇದೇ ಬೇಸಿಗೆಯಲ್ಲಿ ಬರುತ್ತದೆ. ಫೈನಲ್ ದಿನ ನಿಮ್ಮ ಪ್ರದರ್ಶನ ಇಟ್ಟರೆ ಖಾಲಿ ಕುರ್ಚಿಗಳಿಗೆ ಮ್ಯಾಜಿಕ್ ತೋರಿಸಬೇಕಾದೀತು. ಮದುವೆಗಳೂ ಇದೇ ಕಾಲಕ್ಕೆ, ಅದಕ್ಕೆ ಶನಿವಾರ ಭಾನುವಾರ ಬಿಟ್ಟು ಸೋಮವಾರದಿಂದ ಶುಕ್ರವಾರ ಇಡಿ.

ಹೊತ್ತು, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದು. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಡ. ಏಪ್ರಿಲ್‌ನಲ್ಲಿ ಮೂರು ಗಂಟೆ ಆಯಿತು ಅಂದರೆ ಗುಡುಗು ಮಿಂಚು ಶುರುವಾಗಬಹುದು, ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂಗಿದರೂ ಕೇಳುವುದಿಲ್ಲ. ಇನ್ನೊಂದು ಕಾರಣ ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಇರುವವರಿಗೆ ನಾನು ಹೇಳಬೇಕಾಗಿಲ್ಲ. ತೋಟದಲ್ಲಿ ಆನೆ ಇದೆ ಅಂತ ಬೆಳಿಗ್ಗೆ ಮೆಸೇಜ್ ಬಂದರೆ ಅವತ್ತು ರಜೆ, ಅಷ್ಟೇ. ಮಕ್ಕಳನ್ನು ಕರೆತರುವವರು ಯಾರು, ಕರೆದುಕೊಂಡು ಹೋಗುವವರು ಯಾರು ಅಂತ ಮೊದಲ ದಿನವೇ ಬರೆದಿಟ್ಟುಕೊಳ್ಳಿ, ಬೇರೆ ಯಾರೇ ಬಂದರೂ ಮನೆಗೆ ಫೋನ್ ಮಾಡದೆ ಕಳಿಸಬೇಡಿ.

ಜಾಗಕ್ಕೆ ಶಾಲೆಯ ಹಾಲ್, ಸಮಾಜದ ಹಾಲ್, ಯಾರದಾದರೂ ದೊಡ್ಡ ಜಗಲಿ, ಯಾವುದಾದರೂ ಆದೀತು. ನಾನು ಒಂದು ವರ್ಷ ಕಾಫಿ ಕಣದಲ್ಲಿ ಮಾಡಿದೆ. ರೊಬಸ್ಟಾ ಕುಯ್ದು ಒಣಗಿಸಿ ಮುಗಿದಿರುತ್ತದೆ, ಏಪ್ರಿಲ್‌ಗೆ ಕಣ ಖಾಲಿ, ನೆಲ ಚೊಕ್ಕ. ಆದರೆ ಅದು ತಪ್ಪಾಯಿತು. ಹತ್ತು ಗಂಟೆಗೇ ಕಾಲು ಸುಡುತ್ತದೆ, ಅದಕ್ಕಿಂತ ಹೆಚ್ಚಾಗಿ ನೋಡುವವರು ನಾಲ್ಕೂ ಕಡೆ ನಿಂತುಕೊಳ್ಳುತ್ತಾರೆ. ಕೈಚಳಕಕ್ಕೆ ಹಿಂದೆ ನಿಂತವನಷ್ಟು ದೊಡ್ಡ ಶತ್ರು ಇಲ್ಲ. ಹಾಲ್ ಆದರೂ ನೋಡಿಕೊಳ್ಳಿ: ಮಾಡುವ ಮಗುವಿನ ಬೆನ್ನಿಗೆ ಗೋಡೆ ಇರಲಿ, ಕಿಟಕಿ ಬೇಡ. ಬೆನ್ನ ಹಿಂದಿನಿಂದ ಬೆಳಕು ಬಂದರೆ ಪೇಪರ್ ಕಪ್ಪಿನೊಳಗೆ ಇರುವ ಚೆಂಡು ನೆರಳಾಗಿ ಕಾಣುತ್ತದೆ. ಕರೆಂಟ್ ಮೇಲೆ ಏನೂ ನಿಂತಿರಬಾರದು. ಮೈಕ್ ಇಲ್ಲದೆ ನಡೆಯಬೇಕು, ಪ್ರೊಜೆಕ್ಟರ್ ಅಂತೂ ಬೇಡವೇ ಬೇಡ.

ಎಷ್ಟು ಮಕ್ಕಳು? 20. ವಯಸ್ಸು 8ರಿಂದ 13. ಎಂಟಕ್ಕಿಂತ ಸಣ್ಣವರಿಗೆ ಬೆರಳು ಸಾಲುವುದಿಲ್ಲ, ಗುಟ್ಟೂ ನಿಲ್ಲುವುದಿಲ್ಲ, ಬಸ್ಸಿನಲ್ಲೇ ಹೇಳಿಬಿಡುತ್ತಾರೆ. ಆರೇಳು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು, ಅಂದರೆ ನಿಮ್ಮನ್ನೂ ಸೇರಿಸಿ ಮೂರು ಜನ. ಇವರಿಗೆ ಮ್ಯಾಜಿಕ್ ಬರಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು. 20 ಜಾಗದಲ್ಲಿ ಐದನ್ನಾದರೂ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಗೆ ಫೀಸ್ ಇಲ್ಲದೆ ಇಡಿ. ರಜೆಯಲ್ಲಿ ಅವರಿಗೆ ಹೋಗಲು ಇನ್ನೊಂದು ಜಾಗವೇ ಇರುವುದಿಲ್ಲ. ಭಾಷೆಯ ಚಿಂತೆ ಬೇಡ. ನಮ್ಮಲ್ಲಿ ಹೇಗಿದ್ದರೂ ಒಂದೇ ಬೆಂಚಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಇರುತ್ತದೆ. ಮಾತಿಲ್ಲದೆ ಬರೀ ಕೈಯಲ್ಲೇ ಮಾಡುವ ಟ್ರಿಕ್ ಒಂದು ಎಲ್ಲರಿಗೂ ಕಲಿಸಿ, ನಾಚಿಕೆಯ ಮಗು ಅದನ್ನೇ ಹಿಡಿದುಕೊಳ್ಳುತ್ತದೆ.

ಮನೆಯವರ ಎರಡು ಅನುಮಾನ

ಒಂದು, ಮಾಟ. "ಮ್ಯಾಜಿಕ್ ಅಂದರೆ ಆ ಥರ ಏನಾದರೂನಾ?" ಅಂತ ಯಾವುದಾದರೂ ಒಂದು ಅಜ್ಜಿ ಕೇಳಿಯೇ ಕೇಳುತ್ತಾರೆ. ನಗಬೇಡಿ. ಕೂರಿಸಿ ಒಂದು ರಬ್ಬರ್ ಬ್ಯಾಂಡ್ ಟ್ರಿಕ್ ಮಾಡಿ, ತಕ್ಷಣ ಅವರಿಗೂ ಕಲಿಸಿಕೊಡಿ. ಮಂತ್ರಕ್ಕೆ ಮಾವಿನಕಾಯಿ ಉದುರದು ಅಂತ ಅವರೇ ಹೇಳಿಕೊಂಡು ಬಂದವರು, ಅದನ್ನೇ ಮಕ್ಕಳಿಗೆ ಕೈಯಾರೆ ತೋರಿಸುತ್ತೇವೆ ಅಂದರೆ ಅರ್ಥವಾಗುತ್ತದೆ. (ನಮ್ಮ ಬೀದಿ ಗಾರುಡಿಗರು ಓಟೆ ನೆಟ್ಟು ಬುಟ್ಟಿ ಮುಚ್ಚಿ ಮಾವಿನ ಗಿಡ ಬರಿಸುತ್ತಿದ್ದರು. ಅದೂ ಕೈಚಳಕವೇ.) ಕೇಳುವವರು ಸ್ವಲ್ಪ ಓದಿಕೊಂಡವರಾದರೆ ಎಚ್. ನರಸಿಂಹಯ್ಯನವರ ಹೆಸರು ತೆಗೆಯಿರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಮಾಡಿದವರು. ಕಣ್ಕಟ್ಟು ಕಲಿತ ಮಗು ದೊಡ್ಡದಾದ ಮೇಲೆ ಗಾಳಿಯಿಂದ ಬೂದಿ ತೆಗೆಯುವವರಿಗೆ ಕಾಸು ಕೊಡುವುದಿಲ್ಲ.

ಎರಡನೆಯದು ಇಸ್ಪೀಟು. ಇದು ಮೊದಲನೆಯದಕ್ಕಿಂತ ಗಟ್ಟಿ. ಮಗನ ಕೈಯಲ್ಲಿ ಇಸ್ಪೀಟ್ ಕಟ್ಟು ನೋಡಿದ ಅಮ್ಮ ಮಾರನೆಯ ದಿನ ಕಳಿಸದೆ ಇದ್ದದ್ದು ನನಗೆ ಆಗಿದೆ, ಆಕೆಯ ಮನೆಯ ಕಥೆ ಗೊತ್ತಾದ ಮೇಲೆ ಆಕೆಯನ್ನು ತಪ್ಪು ಅನ್ನಲೂ ಆಗಲಿಲ್ಲ. ಈಗ ನಾನು ಇಸ್ಪೀಟನ್ನೇ ತರುವುದಿಲ್ಲ. ಮದುವೆ ಮುಗಿದ ಮನೆಯಲ್ಲಿ ಹಂಚದೆ ಉಳಿದ ಲಗ್ನಪತ್ರಿಕೆಯ ಕಟ್ಟು ಕೇಳಿ ತನ್ನಿ, ಒಂದೇ ಬಗೆಯದಿರಬೇಕು. ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿದರೆ ಹಿಂಬದಿ ಎಲ್ಲ ಒಂದೇ ಥರ. ಮುಂದೆ ಬಿಳಿ ಕಾಗದ ಅಂಟಿಸಿ ಮಕ್ಕಳೇ ಚಿತ್ರ ಬಿಡಿಸಲಿ: ಆನೆ, ಕಾಫಿ ಹೂ, ಕಿತ್ತಳೆ, ಬಸ್ಸು, ಹಾಕಿ ಸ್ಟಿಕ್. 21 ಎಲೆ ಸಾಕು. ಮೊದಲ ದಿನದ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ, ಆದರೆ ತಾನೇ ಮಾಡಿದ ಎಲೆ ಅಂದರೆ ಮಕ್ಕಳು ಕಳೆದುಕೊಳ್ಳುವುದಿಲ್ಲ.

ಐದು ಟ್ರಿಕ್

ಮೊದಲ ದಿನ ಹಾರುವ ರಬ್ಬರ್ ಬ್ಯಾಂಡ್. ತೋರುಬೆರಳು, ನಡುಬೆರಳಿಗೆ ಬ್ಯಾಂಡ್ ಹಾಕಿ. ಅಂಗೈ ಕಡೆಯಿಂದ ಅದನ್ನು ಇನ್ನೊಂದು ಕೈಯಲ್ಲಿ ಎಳೆದು, ಮುಷ್ಟಿ ಮುಚ್ಚುವಾಗ ನಾಲ್ಕೂ ಬೆರಳಿನ ತುದಿ ಬ್ಯಾಂಡಿನೊಳಗೆ ತೂರಿಸಿ ಬಿಟ್ಟುಬಿಡಿ. ಹೊರಗಿನಿಂದ ನೋಡಿದರೆ ಎರಡೇ ಬೆರಳಿಗೆ ಇರುವ ಹಾಗೆ ಕಾಣುತ್ತದೆ. ಮುಷ್ಟಿ ಬಿಚ್ಚಿದರೆ ಟಪ್ ಅಂತ ಉಂಗುರಬೆರಳು, ಕಿರುಬೆರಳಿಗೆ ಹಾರುತ್ತದೆ. ಹತ್ತು ನಿಮಿಷದಲ್ಲಿ ಎಲ್ಲರಿಗೂ ಬರುತ್ತದೆ, ಮೊದಲ ದಿನಕ್ಕೆ ಅದೇ ಬೇಕು. ಮಾತಿಲ್ಲದೆ ಮಾಡುವ ಟ್ರಿಕ್ ಅಂದೆನಲ್ಲ, ಅದೂ ಇದೇ.

ಎರಡನೆಯ ದಿನ ಕಪ್ ಮತ್ತು ಚೆಂಡು. ಕರಟದಲ್ಲಿ, ಕಾಫಿ ಬೀಜ ಇಟ್ಟು ಮಾಡಿದರೆ ಎಷ್ಟು ಚಂದ ಅಂತ ನನಗೂ ಅನ್ನಿಸಿತ್ತು. ಆಗುವುದಿಲ್ಲ. ಕರಟ ಒಂದರೊಳಗೊಂದು ಕೂರುವುದಿಲ್ಲ, ಬೀಜ ಕಟಕಟ ಸದ್ದು ಮಾಡಿ ಗುಟ್ಟು ಹೇಳಿಬಿಡುತ್ತದೆ. ಪೇಪರಿನ ಟೀ ಕಪ್ಪೇ ಸರಿ, ಸ್ವಲ್ಪ ದಪ್ಪದ್ದು. ಚೆಂಡಿಗೆ ಉಲ್ಲನ್ ದಾರ ಸುತ್ತಿ ನೆಲ್ಲಿಕಾಯಿಗಿಂತ ಸಣ್ಣದು ಮಾಡಿಕೊಳ್ಳಿ, ಸದ್ದು ಬರುವುದಿಲ್ಲ. ಕಪ್ ಮೂರು, ಜನರಿಗೆ ಕಾಣುವ ಚೆಂಡು ಮೂರು. ನಾಲ್ಕನೆಯ ಚೆಂಡು ಯಾರಿಗೂ ಗೊತ್ತಿಲ್ಲದೆ ನಡುವಿನ ಕಪ್ಪಿನಲ್ಲಿ ಇರುತ್ತದೆ. ಒಂದರೊಳಗೊಂದು ಇಟ್ಟ ಕಪ್‌ಗಳನ್ನು ಬಾಯಿ ಮೇಲಾಗಿ ಹಿಡಿದು, ಒಂದೊಂದೇ ತೆಗೆದು ಮೇಜಿನ ಮೇಲೆ ಬೋರಲು ಹಾಕುತ್ತಾ ಹೋಗಬೇಕು. ಒಂದೇ ಬೀಸಿನಲ್ಲಿ ತಿರುಗಿಸಿದರೆ ಒಳಗಿನ ಚೆಂಡು ಬೀಳುವುದಿಲ್ಲ, ಕಪ್ ಜೊತೆಗೇ ಮೇಜಿಗೆ ಬರುತ್ತದೆ. ಹೆದರಿ ನಿಧಾನ ಮಾಡಿದರೆ ಉರುಳಿ ಆಚೆ. ಈಗ ನಡುವಿನ ಕಪ್ ಮೇಲೆ ಒಂದು ಚೆಂಡು ಇಟ್ಟು, ಅದರ ಮೇಲೆ ಉಳಿದೆರಡು ಕಪ್ ಬೋರಲು ಹಾಕಿ, ಬೆರಳಲ್ಲಿ ತಟ್ಟಿ ಮೂರನ್ನೂ ಒಟ್ಟಿಗೆ ಎತ್ತಿ. ಚೆಂಡು ಕಪ್ಪನ್ನು ತೂರಿ ಕೆಳಗೆ ಬಂದ ಹಾಗೆ! ಮೇಲೆ ಇಟ್ಟ ಚೆಂಡು ಈಗ ಕಪ್‌ಗಳ ನಡುವೆ ಉಳಿದಿದೆಯಲ್ಲ, ಮುಂದಿನ ಸಲಕ್ಕೆ ಗುಟ್ಟಿನ ಚೆಂಡು ಅದೇ. ಶಿಬಿರದಲ್ಲಿ ಅತಿ ಹೆಚ್ಚು ಸಮಯ ಇದಕ್ಕೆ ಕೊಡಿ. ಚೆಂಡಿಲ್ಲದೆ ಬರೀ ಕಪ್ ತಿರುಗಿಸುವುದನ್ನು ಮೊದಲು 20 ಸಲ ಮಾಡಿಸಿ, ಆಮೇಲೆ ಚೆಂಡು ಕೊಡಿ. ಚೆಂಡು ಇದ್ದಾಗಲೂ ಇಲ್ಲದಾಗಲೂ ಕೈ ಒಂದೇ ಥರ ಹೋಗಬೇಕು. ಮಕ್ಕಳ ಕಣ್ಣು ಗುಟ್ಟು ಇರುವ ಕಡೆಗೇ ಹೋಗುತ್ತದೆ, ನೋಡುವವರ ಕಣ್ಣೂ ಅದರ ಹಿಂದೆಯೇ. "ನೀನು ಎಲ್ಲಿ ನೋಡ್ತೀಯೋ ಅವರೂ ಅಲ್ಲೇ ನೋಡ್ತಾರೆ" ಅನ್ನುವ ಒಂದು ಮಾತು ಐದು ದಿನವೂ ಹೇಳುತ್ತಿರಿ.

ಮೂರನೆಯ ದಿನ ನಾವು ಮಾಡಿದ 21 ಎಲೆ. ಮೂರು ಸಾಲು, ಸಾಲಿಗೆ ಏಳು, ಒಂದು ಸಲಕ್ಕೆ ಸಾಲಿಗೊಂದರಂತೆ ಅಡ್ಡಡ್ಡ ಹಂಚುತ್ತಾ ಹೋಗಬೇಕು. ಒಬ್ಬರು ಮನಸ್ಸಿನಲ್ಲೇ ಒಂದು ಚಿತ್ರ ನೆನೆದು ಯಾವ ಸಾಲು ಅಂತ ಮಾತ್ರ ಹೇಳುತ್ತಾರೆ. ಆ ಸಾಲನ್ನು ಉಳಿದೆರಡರ ನಡುವೆ ಇಟ್ಟು ಎತ್ತಿಕೊಳ್ಳಿ, ಮತ್ತೆ ಹಂಚಿ. ಹೀಗೆ ಮೂರು ಸಲ ಆದ ಮೇಲೆ ಅವರ ಎಲೆ ಮೇಲಿನಿಂದ 11ನೆಯದು. ತನ್ನಷ್ಟಕ್ಕೆ ಆಗುತ್ತದೆ, ಕೈಚಳಕವೇ ಬೇಡ. ಆದರೆ ಸುಮ್ನೆ 11 ಎಣಿಸಿ ಕೊಟ್ಟರೆ ಲೆಕ್ಕದ ಕ್ಲಾಸ್ ಆಗುತ್ತದೆ. ಇಲ್ಲಿ ಮಗು ಕಥೆ ಕಟ್ಟಬೇಕು. ಒಬ್ಬಳು ಹುಡುಗಿ ಎಲೆಗಳನ್ನು ಒಂದೊಂದಾಗಿ ಮೂಸಿ ನೋಡಿ "ಇದರಲ್ಲಿ ಆನೆ ಲದ್ದಿ ವಾಸನೆ" ಅಂದು ಆನೆಯ ಚಿತ್ರ ತೆಗೆದಳು, ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅದನ್ನು ನಾನು ಕಲಿಸಿರಲಿಲ್ಲ.

ನಾಲ್ಕನೆಯದು, ಸಿಪ್ಪೆ ಸುಲಿಯದೆ ತುಂಡಾದ ಬಾಳೆಹಣ್ಣು. ಸಿಪ್ಪೆಯ ಏಣಿನಲ್ಲಿ ಸೂಜಿ ತೂರಿಸಿ, ಒಳಗೇ ಅತ್ತ ಇತ್ತ ಆಡಿಸಿದರೆ ಹಣ್ಣು ಕತ್ತರಿಸುತ್ತದೆ, ಸಿಪ್ಪೆ ಹಾಗೇ ಇರುತ್ತದೆ. ನಾಲ್ಕೈದು ಕಡೆ ಮಾಡಿ. ಜನರ ಮುಂದೆ ಗಾಳಿಯಲ್ಲಿ ಕೈಯಲ್ಲೇ ಕತ್ತರಿಸಿದ ಹಾಗೆ ಆಡಿ, ಅವರ ಕೈಗೇ ಕೊಟ್ಟು ಸುಲಿಸಿ. ಚುಕ್ಕಿ ಬಿದ್ದ ಕಳಿತ ಹಣ್ಣು ತೆಗೆದುಕೊಳ್ಳಿ, ಸೂಜಿಯ ತೂತು ಚುಕ್ಕಿಗಳಲ್ಲಿ ಕಾಣುವುದಿಲ್ಲ. ಹಿಂದಿನ ದಿನವೇ ಮಾಡಿಟ್ಟರೆ ತೂತು ಕಪ್ಪಾಗುತ್ತದೆ. ನಮ್ಮ ತೋಟದ ಮೇಸ್ತ್ರಿ ಕಾಫಿ ಚೀಲ ಹೊಲಿಯುವ ದಬ್ಬಣ ತಂದುಕೊಟ್ಟಿದ್ದರು, ಪಾಪ, ಅದರಲ್ಲಿ ಮಾಡಿದರೆ ಇಲಿ ಕಡಿದ ಹಾಗೆ ಕಾಣುತ್ತದೆ. ಸಣ್ಣ ಮಕ್ಕಳ ಕೈಗೆ ಸೂಜಿ ಬೇಡ, ನೀವೇ ಮಾಡಿಕೊಡಿ. ಮತ್ತೆ, ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ. ಒಂದು ಸೂಜಿ ಲೆಕ್ಕಕ್ಕೆ ಸಿಗದಿದ್ದರೆ ಅವತ್ತಿನ ಒಂದು ಹಣ್ಣನ್ನೂ ಯಾರೂ ತಿನ್ನಬಾರದು.

ಐದನೆಯದು ಭವಿಷ್ಯ ಹೇಳುವುದು. ಒಬ್ಬರು ಮೂರಂಕಿಯ ಸಂಖ್ಯೆ ಬರೆಯಲಿ, ಮೊದಲ ಮತ್ತು ಕೊನೆಯ ಅಂಕಿಗೆ ಎರಡಾದರೂ ವ್ಯತ್ಯಾಸ ಇರಬೇಕು. 732 ಅಂದುಕೊಳ್ಳಿ. ತಿರುಗಿಸಿದರೆ 237. ದೊಡ್ಡದರಲ್ಲಿ ಸಣ್ಣದು ಕಳೆದರೆ 495. ಅದನ್ನು ತಿರುಗಿಸಿ ಕೂಡಿದರೆ, 495ಕ್ಕೆ 594, ಒಟ್ಟು 1089. ಯಾವ ಸಂಖ್ಯೆ ಹಿಡಿದರೂ 1089. ಇದನ್ನು ಬಿಳಿ ಹಾಳೆಯ ಮೇಲೆ ಬಟ್ಟೆ ಸೋಪಿನ ಗಟ್ಟಿ ನೀರಿನಲ್ಲಿ ಕಡ್ಡಿ ಅದ್ದಿ ಮೊದಲೇ ಬರೆದು ಒಣಗಿಸಿಡಿ. ಖಾಲಿ ಹಾಳೆ ಅಂತ ತೋರಿಸಿ, ಲೆಕ್ಕ ಮುಗಿದ ಮೇಲೆ ಹತ್ತಿಯಲ್ಲಿ ಅರಿಶಿನದ ನೀರು ಸವರಿದರೆ ಅಂಕಿ ಕೆಂಪಗೆ ಎದ್ದು ಬರುತ್ತದೆ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ನಿಂಬೆರಸ ಹಾಕಿದರೆ ತಿರುಗಿ ಹಳದಿ. ಸುಣ್ಣದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ ಅಂತ ಯಾರಾದರೂ ಹೇಳಿಯಾರು. ಮಕ್ಕಳ ಕಣ್ಣಿಗೆ ಸುಣ್ಣ ಹೋದರೆ ಗತಿ ಏನು? ಸೋಪೇ ಸಾಕು. ಸೋಪು ಸೋಪಿಗೂ ಬಣ್ಣ ಬೇರೆ ಬರುತ್ತದೆ, ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮುಖ್ಯವಾಗಿ, ಆ ಮಗುವಿಗೆ ಮೂರಂಕಿಯ ಕಳೆಯುವ ಲೆಕ್ಕ ತಪ್ಪದೆ ಬರುತ್ತದಾ ಅಂತ ನೋಡಿಕೊಳ್ಳಿ. ಲೆಕ್ಕ ಮಾಡುವ ದೊಡ್ಡವರಿಗೂ ಬರುತ್ತದಾ ಅಂತ ನೋಡಿಕೊಳ್ಳಿ, ಅದೇ ಜಾಸ್ತಿ ತಪ್ಪುವುದು.

ಬೆಂಕಿ ಬೇಡ, ಪ್ರಾಣಿ ಪಕ್ಷಿ ಬೇಡ, ಬಾಯಿಗೆ ಏನನ್ನಾದರೂ ಹಾಕಿಕೊಂಡು ಮಾಡುವುದು ಬೇಡ. ಈ ಮೂರಕ್ಕೆ ಯಾರು ಎಷ್ಟು ಕೇಳಿದರೂ ಇಲ್ಲ ಅನ್ನಿ.

ಐದು ಸಾಲದ ಚುರುಕು ಮಗು ಒಂದೆರಡು ಇದ್ದೇ ಇರುತ್ತದೆ. ಅವರಿಗೆ ಕತ್ತರಿಸಿದರೂ ತುಂಡಾಗದ ಪೇಪರ್ ಕೊಡಿ. ಎರಡಿಂಚು ಅಗಲದ ನ್ಯೂಸ್‌ಪೇಪರ್ ಪಟ್ಟಿಯ ಒಂದು ಬದಿಗೆ ಸೈಕಲ್ ಶಾಪಿನ ಪಂಕ್ಚರ್ ಸಲ್ಯೂಷನ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಪೌಡರ್ ಉದುರಿಸಿ ಒರೆಸಿ. ಹಚ್ಚಿದ ಬದಿ ಒಳಗಾಗುವ ಹಾಗೆ ಮಡಚಿ, ಮಡಿಕೆಯನ್ನೇ ಕತ್ತರಿಸಿ ಬಿಚ್ಚಿದರೆ ಅಂಚು ಅಂಟಿಕೊಂಡು ಪಟ್ಟಿ ಇಡಿಯಾಗಿಯೇ ಇರುತ್ತದೆ. ಓರೆಯಾಗಿ ಕತ್ತರಿಸಿದರೆ ಪಟ್ಟಿಯೇ ಓರೆಯಾಗಿ ತಿರುಗುತ್ತದೆ. ಸಲ್ಯೂಷನ್ ಹಚ್ಚುವ ಕೆಲಸ ನಿಮ್ಮದು, ಅದೂ ಹೊರಗೆ ಗಾಳಿಯಲ್ಲಿ.

ಒಂದು ದಿನ ಹೇಗೆ ಸಾಗಬೇಕು

ಬಂದ ತಕ್ಷಣ ಹಿಂದಿನ ದಿನದ ಟ್ರಿಕ್ ಜೋಡಿಯಲ್ಲಿ ಒಬ್ಬರಿಗೊಬ್ಬರು ತೋರಿಸಲಿ, ಅರ್ಧ ಗಂಟೆ. ಆಮೇಲೆ ಹೊಸ ಟ್ರಿಕ್: ಮೊದಲು ನೀವು ಪೂರ್ತಿ ಮಾಡಿ ತೋರಿಸಿ, ಮಕ್ಕಳು ಊಹೆ ಮಾಡಲಿ, ಕೂಗಾಡಲಿ, ಆಮೇಲೆ ಗುಟ್ಟು. ಮೊದಲೇ ಗುಟ್ಟು ಹೇಳಿದರೆ ನೋಡುವವರಿಗೆ ಹೇಗೆ ಕಾಣುತ್ತದೆ ಅನ್ನುವುದು ಮಗುವಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಹನ್ನೊಂದಕ್ಕೆ ತಿಂಡಿ. ಕಡಂಬುಟ್ಟು, ಅವಲಕ್ಕಿ, ಕಿತ್ತಳೆ, ಏನು ಬೇಕಾದರೂ ಕೊಡಿ, ಆದರೆ ಕೈ ತೊಳೆಸಿ ಒರೆಸಿಯೇ ಎಲೆ ಮುಟ್ಟಲು ಬಿಡಿ. ಎಣ್ಣೆ ಕೈಗೆ ಎಲ್ಲ ಎಲೆಗಳೂ ಅಂಟುತ್ತವೆ, ಮಳೆ ಬಂದ ಮಾರನೆಯ ದಿನ ತೇವಕ್ಕೂ ಅಂಟುತ್ತವೆ, ಆಗ ಒಂದು ಚಿಟಿಕೆ ಪೌಡರ್ ಸವರಿದರೆ ಸರಿ. ತಿಂಡಿ ಆದ ಮೇಲೆ ಒಂದು ಗಂಟೆ ಬರೀ ಅಭ್ಯಾಸ, ಮೂರು ಗುಂಪು, ಗುಂಪಿಗೊಂದು ಕನ್ನಡಿ. ಕನ್ನಡಿಯಲ್ಲಿ ತನ್ನ ಗುಟ್ಟು ತನಗೇ ಕಂಡರೆ ನೀವು ಬೈಯುವ ಅಗತ್ಯವೇ ಇಲ್ಲ. ಕೊನೆಯ ಹದಿನೈದು ನಿಮಿಷ ಇಬ್ಬರು ಎದ್ದು ಎಲ್ಲರ ಮುಂದೆ ಮಾಡಲಿ, ದಿನಾ ಬೇರೆ ಬೇರೆ ಇಬ್ಬರು.

ಗುಟ್ಟಿನ ವಿಷಯ

ಟ್ರಿಕ್‌ನ ಗುಟ್ಟು ಹೇಳಬೇಡ, ಅದೇ ಜನರಿಗೆ ಅದೇ ಟ್ರಿಕ್ ಎರಡು ಸಲ ಮಾಡಬೇಡ, ಏನಾಗುತ್ತದೆ ಅಂತ ಮೊದಲೇ ಹೇಳಬೇಡ. ಎಲ್ಲ ಮ್ಯಾಜಿಕ್‌ನವರೂ ಹೇಳುವ ಈ ಮೂರನ್ನು ಮಕ್ಕಳ ಹತ್ತಿರ ಪ್ರಮಾಣ ಮಾಡಿಸಿ, ಅವರಿಗೆ ಅದು ತುಂಬಾ ಇಷ್ಟ.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಲೇಬೇಕು. ಟ್ರಿಕ್‌ನ ಗುಟ್ಟು ಮಾತ್ರ ಗುಟ್ಟು. ದೊಡ್ಡವರು ಯಾರೇ ಆಗಲಿ, ಶಿಬಿರದವರೇ ಆಗಲಿ, "ಇದು ಮನೆಯಲ್ಲಿ ಹೇಳಬೇಡ" ಅಂದರೆ ಅವತ್ತೇ ಮನೆಯಲ್ಲಿ ಹೇಳಬೇಕು. ಒಂದು ವಾರ ಗುಟ್ಟು ಕಾಯುವುದನ್ನು ಕಲಿಸುತ್ತೇವೆ, ಅದಕ್ಕೆ ಈ ಗೆರೆ ಎಳೆಯುವುದು ನಮ್ಮ ಕೆಲಸ. 1098 ಮಕ್ಕಳ ಸಹಾಯವಾಣಿ ಅಂತ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ. ಒಬ್ಬರೇ ದೊಡ್ಡವರು ಒಂದೇ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರುವಂತಿಲ್ಲ, "ಸ್ಪೆಷಲ್ ಟ್ರಿಕ್ ಕಲಿಸ್ತೀನಿ" ಅಂತಲೂ ಇಲ್ಲ. ಫೋಟೋ, ವಿಡಿಯೋಗೆ ಮನೆಯವರ ಸಹಿ ಮೊದಲೇ ಪಡೆಯಿರಿ, ಬೇಡ ಅಂದವರ ಮಗುವಿನ ಫೋಟೋ ಗುಂಪಿಗೂ ಹಾಕಬೇಡಿ.

ಪ್ರದರ್ಶನ

ಶುಕ್ರವಾರ ಹನ್ನೊಂದೂವರೆಗೆ ಇಡಿ. ಮಗುವಿಗೆ ಮೂರು ನಿಮಿಷ, 20 ಮಕ್ಕಳಿಗೆ ಒಂದು ಗಂಟೆ. ಒಂದೇ ಟ್ರಿಕ್ ಆರು ಜನ ಆರಿಸಿಕೊಂಡಿದ್ದರೆ ಇಬ್ಬಿಬ್ಬರನ್ನು ಜೋಡಿ ಮಾಡಿ ಬೇರೆ ಬೇರೆ ಕಥೆ ಕಟ್ಟಿಸಿ, ಇಲ್ಲದಿದ್ದರೆ ನಾಲ್ಕನೆಯ ಬಾಳೆಹಣ್ಣಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಮೊದಲಿಗೆ ಗಟ್ಟಿ ದನಿಯವರು, ಹೆದರುವವರು ನಡುವೆ, ಕೊನೆಗೆ 1089. ಚಾಪೆ ಹಾಕಿ ಮುಂದೆ ಮಕ್ಕಳು, ಹಿಂದೆ ಕುರ್ಚಿಯಲ್ಲಿ ದೊಡ್ಡವರು. ಬದಿಯಲ್ಲಿ ಯಾರೂ ಕೂರಬಾರದು, ಸೊಸೈಟಿ ಅಧ್ಯಕ್ಷರು ಬಂದರೂ ಎದುರಿಗೇ.

ಎಲ್ಲ ಊರಿನಲ್ಲೂ ಒಬ್ಬ ಮಾವ ಇರುತ್ತಾರೆ. "ಕೈ ಬಿಚ್ಚು ನೋಡೋಣ, ಅಲ್ಲೇ ಇದೆ!" ಅಂತ ಕೂಗುವವರು. ಬೈದು ಕೂರಿಸಲು ಆಗುವುದಿಲ್ಲ, ಅಲ್ವಾ? ಅವರನ್ನೇ ಮುಂದೆ ಕರೆದು ಹಣ್ಣು ಹಿಡಿಯಲು ಕೊಡಿ, ಅಥವಾ 1089ರ ಲೆಕ್ಕ ಮಾಡಲು ಬಿಡಿ. ಕೆಲಸ ಸಿಕ್ಕ ಮಾವ ಸುಮ್ಮನಾಗುತ್ತಾರೆ.

ಟ್ರಿಕ್ ಕೈಕೊಟ್ಟರೆ ಏನು ಹೇಳಬೇಕು ಅಂತಲೂ ಅಭ್ಯಾಸ ಮಾಡಿಸಿರಬೇಕು, ಇದನ್ನು ಮರೆಯಬೇಡಿ. ಚೆಂಡು ಉರುಳಿ ನೆಲಕ್ಕೆ ಬಿತ್ತಾ? "ಇದು ಇವತ್ತು ಸ್ಕೂಲಿಗೆ ಹೋಗಲ್ಲ ಅಂತ ಹಠ ಮಾಡ್ತಿದೆ" ಅಂದು ಎತ್ತಿಕೊಂಡು ಮತ್ತೆ ಶುರು. ಒಂದು ಮಗುವಿಗೆ ಒಂದು ಇಂಥ ಮಾತು ಅವರದೇ ಬಾಯಲ್ಲಿ ಬರುವ ಹಾಗೆ ಕಟ್ಟಿಸಿ. ಮೊದಲ ವರ್ಷ ಅತ್ತ ಹುಡುಗ ಮುಂದಿನ ವರ್ಷ ಮತ್ತೆ ಬಂದ. ಮತ್ತೆ ಕಪ್ ಮತ್ತು ಚೆಂಡಿನ ಟ್ರಿಕ್ಕೇ ಆರಿಸಿಕೊಂಡ. ಚೆಂಡು ಬಿತ್ತು. "ಹೋದ ವರ್ಷದಿಂದ ಇದಕ್ಕೆ ನನ್ನ ಮೇಲೆ ಕೋಪ" ಅಂದ, ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಹೋಗುವಾಗ ಒಂದು ಬಟ್ಟೆ ಚೀಲದಲ್ಲಿ ಮೂರು ಕಪ್, ನಾಲ್ಕು ಚೆಂಡು, ಅವರೇ ಮಾಡಿದ 21 ಎಲೆ, ಎರಡು ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ಸೂಜಿ ಬೇಡ. ಬಾಳೆಹಣ್ಣೂ ಬೇಡ, ನನ್ನ ಅನುಭವದಲ್ಲಿ ಅದು ಎರಡು ದಿನ ಆದ ಮೇಲೆ ಚೀಲದ ತಳದಲ್ಲಿ ಸಿಗುತ್ತದೆ, ಅಮ್ಮಂದಿರ ಫೋನ್ ನಿಮಗೇ ಬರುತ್ತದೆ.